ಶಾಲೆಯ ಲೆಕ್ಕ ಊರಿಗೆ



ನಮ್ಮ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ಕೋಣೆಗೆ ಹೋಗಿ ನೋಡಿ. ಗೋಡೆ ಪಕ್ಕ ಒಂದು ಕಬ್ಬಿಣದ ಬೀರು ಇದ್ದೇ ಇರುತ್ತದೆ. ಅದರಲ್ಲಿ ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ, ಕ್ಯಾಶ್ ಬುಕ್ಕು, ಬಿಸಿಯೂಟದ ಅಕ್ಕಿ ಬೇಳೆಯ ದಾಸ್ತಾನು ವಹಿ. ಇವುಗಳ ನಡುವೆ ಎಲ್ಲೋ ಒಂದು ಕಡೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಡಾವಳಿ ಪುಸ್ತಕವೂ ಸಿಗುತ್ತದೆ. ಅದನ್ನು ತೆರೆದರೆ ಪುಟಪುಟದಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ: ಮೇಲ್ಕಂಡ ವಿಷಯವನ್ನು ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಒಪ್ಪಿಗೆ ನೀಡಲಾಯಿತು. ಕೆಳಗೆ ಸಾಲಾಗಿ ಸಹಿಗಳು, ಅಲ್ಲೊಂದು ಇಲ್ಲೊಂದು ಹೆಬ್ಬೆಟ್ಟು. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ದಿನ ಗೊತ್ತು ಮಾಡುವುದಕ್ಕೂ ಎರಡು ಪಕ್ಷಗಳಿರುತ್ತವೆ. ಶಾಲೆಯ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಯಾರೂ ಒಂದು ತಕರಾರು ಎತ್ತಲಿಲ್ಲ ಎಂದರೆ ನಂಬುವುದು ಕಷ್ಟ.

ಆ ಒಕ್ಕಣೆ ಬರೆದ ಕೈ ಮುಖ್ಯ ಶಿಕ್ಷಕರದ್ದು. ಸಮಿತಿಯ ಅಧ್ಯಕ್ಷರು ಪೋಷಕರಲ್ಲಿ ಒಬ್ಬರು, ನಿಜ. ಆದರೆ ಸದಸ್ಯ ಕಾರ್ಯದರ್ಶಿ ಮುಖ್ಯ ಶಿಕ್ಷಕರು. ಸಭೆಯ ನೋಟಿಸು ಕಳಿಸುವವರು, ವಿಷಯಗಳ ಪಟ್ಟಿ ಮಾಡುವವರು, ಸಭೆ ಮುಗಿದ ಮೇಲೆ ಏನು ನಡೆಯಿತೆಂದು ಬರೆಯುವವರು, ಪುಸ್ತಕವನ್ನು ಬೀರುವಿನೊಳಗಿಟ್ಟು ಕೀಲಿ ಹಾಕಿಕೊಳ್ಳುವವರು ಅವರೇ. ಹಾಗಾಗಿ ಶಾಲೆ ಊರಿಗೆ ಲೆಕ್ಕ ಒಪ್ಪಿಸುತ್ತದೆಯೋ ಇಲ್ಲವೋ ಎಂಬುದು ಕಾನೂನಿಗಿಂತ ಹೆಚ್ಚಾಗಿ ಈ ಒಬ್ಬರ ಮೇಲೆ ನಿಂತಿದೆ. ಇವತ್ತಿನ ನನ್ನ ಮಾತು ಅವರ ಬಗ್ಗೆ, ಮತ್ತು ಅವರೊಂದಿಗೆ.

ಈ ಸಮಿತಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. ಹಳೆಯ ತಲೆಮಾರಿನ ಮೇಷ್ಟ್ರುಗಳಿಗೆ ಶಾಲಾ ಬೆಟರ್‌ಮೆಂಟ್ ಕಮಿಟಿ ಗೊತ್ತು. ಊರಿನ ನಾಲ್ಕು ಮಂದಿ ಹಿರಿಯರು, ಆಗಸ್ಟ್ ಹದಿನೈದಕ್ಕೆ ಸಿಹಿ ಹಂಚುವುದು, ಹೆಂಚು ಒಡೆದರೆ ಹೆಂಚು ಹಾಕಿಸುವುದು, ಅಷ್ಟಕ್ಕೆ ಅದರ ಕೆಲಸ ಮುಗಿಯುತ್ತಿತ್ತು. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಅಂದರೆ ಡಿಪಿಇಪಿ, ಬಂದಾಗ ಗ್ರಾಮ ಶಿಕ್ಷಣ ಸಮಿತಿಗಳಾದವು. ಅವೂ ಊರಿನ ದೊಡ್ಡವರ ಸಮಿತಿಗಳೇ. ಅವರಲ್ಲಿ ಬಹಳ ಜನರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ರಚಿಸಿದ್ದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಎಸ್‌ಡಿಎಂಸಿಗಳು ಬಂದಾಗ ಮುಖ್ಯವಾಗಿ ಬದಲಾದದ್ದು ಇದು: ಶಾಲೆಯಲ್ಲಿ ಮಗು ಓದುತ್ತಿರುವ ತಂದೆ ತಾಯಿಗಳೇ ಸಮಿತಿಯ ತಿರುಳಾದರು. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯಡಿ ಇವಕ್ಕೆ ಮಾದರಿ ಉಪನಿಯಮಗಳು ಬಂದು ಗ್ರಾಮ ಪಂಚಾಯಿತಿಯ ಜೊತೆ ನಂಟು ಬಿತ್ತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ಗಮನಿಸುವುದು ಅದರ ಕೆಲಸ. ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಫೀಸು ಕಟ್ಟಿದವರಿಗಿಲ್ಲದ ಅಧಿಕಾರವನ್ನು ಕಾನೂನು ಬಿಸಿಯೂಟ ಉಣ್ಣುವ ಮಗುವಿನ ತಾಯಿಗೆ ಕೊಟ್ಟಿದೆ. ಇದು ಆ ತಾಯಿಗೆ ಗೊತ್ತಿದೆಯೇ? ಗೊತ್ತುಮಾಡಬೇಕಾದವರು ಯಾರು?

ಮುಖ್ಯ ಶಿಕ್ಷಕರ ಕಷ್ಟವನ್ನೂ ಹೇಳದೆ ಅವರ ಮೇಲೆ ಹೊಣೆ ಹೊರಿಸಿದರೆ ಅನ್ಯಾಯವಾಗುತ್ತದೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹಳಷ್ಟು ಕಡೆ ಒಬ್ಬರೋ ಇಬ್ಬರೋ ಶಿಕ್ಷಕರು. ಅವರಲ್ಲಿ ಹಿರಿಯರು ಪ್ರಭಾರ ಮುಖ್ಯ ಶಿಕ್ಷಕರು. ಪಾಠವನ್ನೂ ಅವರೇ ಮಾಡಬೇಕು, ಆಡಳಿತವನ್ನೂ ಅವರೇ ನೋಡಬೇಕು. ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬಬೇಕು, ಯು-ಡೈಸ್‌ನಲ್ಲಿ ಶಾಲೆಯ ಮಾಹಿತಿ ತುಂಬಬೇಕು, ಹಾಲಿನ ಪುಡಿಯ ಲೆಕ್ಕ ಇಡಬೇಕು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಫೋನ್ ಮಾಡಿ ಸಂಜೆಯೊಳಗೆ ಕೇಳಿದ ಮಾಹಿತಿಯನ್ನು ವಾಟ್ಸಾಪಿನಲ್ಲಿ ಕಳಿಸಬೇಕು. ಮೇಲಿನವರಿಗೆ ಉತ್ತರ ಹೇಳಿ ಹೇಳಿಯೇ ದಿನ ಮುಗಿಯುತ್ತದೆ. ಊರಿಗೆ ಉತ್ತರ ಹೇಳುವುದು ಅವರಿಗೆ ಇನ್ನೊಂದು ನಮೂನೆ ತುಂಬುವ ಕೆಲಸವಾಗಿ ಕಂಡರೆ ಆಶ್ಚರ್ಯವೇನೂ ಇಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿ ಕೇಳುವುದೂ ಸಭೆಯ ಫೋಟೋವನ್ನೇ, ಸಭೆಯಲ್ಲಿ ಏಳುವ ಜಗಳವನ್ನು ಯಾರೂ ಕೇಳುವುದಿಲ್ಲ.

ಆದರೆ ಮೇಲಕ್ಕೆ ಮಾತ್ರ ಉತ್ತರ ಹೇಳುವ ಮುಖ್ಯ ಶಿಕ್ಷಕರು ಕೊನೆಗೆ ಒಂಟಿಯಾಗುತ್ತಾರೆ ಎಂಬುದು ನಾನು ಬಹಳ ಶಾಲೆಗಳನ್ನು ನೋಡಿದ ಮೇಲೆ ಬಂದ ಅಭಿಪ್ರಾಯ. ಮೊಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿದ ಮೇಲೆ 2024ರಲ್ಲಿ ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮೊಟ್ಟೆ ಕೊಡುವ ದಿನಗಳು ವಾರಕ್ಕೆ ಆರಕ್ಕೇರಿದವು. ಆಗ ಒಂದು ಮೊಟ್ಟೆಗೆ ₹6 ಲೆಕ್ಕ. ಮೊಟ್ಟೆ ಕೊಳ್ಳುವುದು, ಬೇಯಿಸುವ ಉರುವಲು, ಸುಲಿಯುವ ಕೂಲಿ ಎಲ್ಲವೂ ಆ ಆರು ರೂಪಾಯಿಯಲ್ಲಿ ಆಗಬೇಕಿತ್ತು. ಅಂಗಡಿಯಲ್ಲಿ ಮೊಟ್ಟೆಯ ಬೆಲೆಯೇ ಆರು ದಾಟಿದಾಗ? ಕೆಲವರು ಕೈಯಿಂದ ಹಾಕಿದರು. ಕೆಲವರು ಉಸಿರೆತ್ತದೆ ಮೊಟ್ಟೆಯ ದಿನ ಕಡಿಮೆ ಮಾಡಿ ಬಾಳೆಹಣ್ಣು ಹಂಚಿದರು, ತಪಾಸಣೆಯಲ್ಲಿ ಸಿಕ್ಕಿಬಿದ್ದು ನೋಟಿಸು ಪಡೆದರು. ಕೈಯಿಂದ ಹಾಕಿದವರು ಒಳ್ಳೆಯವರು, ದಿನ ತಪ್ಪಿಸಿದವರು ಕೆಟ್ಟವರು ಎಂದು ಹೇಳಿ ಮುಗಿಸಬಹುದಿತ್ತು. ನನ್ನ ದೃಷ್ಟಿಯಲ್ಲಿ ಇಬ್ಬರೂ ಮಾಡಿದ್ದು ಒಂದೇ: ಊರಿನಿಂದ ಲೆಕ್ಕ ಮುಚ್ಚಿಟ್ಟರು. ಕೈಯಿಂದ ಹಾಕಿದವರ ಸಂಬಳದಲ್ಲಿ ಸರ್ಕಾರದ ಕೊರತೆ ಕರಗಿಹೋಯಿತು, ಯಾರಿಗೂ ಕಾಣಲಿಲ್ಲ. ಶಾಲೆಯ ಮುಂದಿನ ಕಪ್ಪು ಹಲಗೆಯ ಮೇಲೆ ಈ ವಾರ ಇಷ್ಟು ಮಕ್ಕಳು, ಇಷ್ಟು ಮೊಟ್ಟೆ, ಸರ್ಕಾರ ಕೊಟ್ಟದ್ದು ಇಷ್ಟು, ಅಂಗಡಿಯ ದರ ಇಷ್ಟು ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರೆ? ಪೋಷಕರ ಸಭೆಯಲ್ಲಿ ಅದನ್ನು ಓದಿ, ಬೆಲೆ ಹೆಚ್ಚಿಸಿರೆಂದು ಸಮಿತಿಯಿಂದಲೇ ಒಂದು ಠರಾವು ತಾಲ್ಲೂಕಿಗೆ ಹೋಗಿದ್ದರೆ? ಅದು ಒಬ್ಬ ಮೇಷ್ಟ್ರ ಗೊಣಗಾಟವಾಗಿ ಉಳಿಯದೆ ಊರಿನ ಬೇಡಿಕೆಯಾಗುತ್ತಿತ್ತು. ಸಮಿತಿಯ ಅಧ್ಯಕ್ಷರ ಸಹಿ ಚೆಕ್ಕಿನ ಮೇಲೆ ಬೇಕೆನ್ನುವ ವ್ಯವಸ್ಥೆ ಇರುವುದು ಇಂಥ ಹೊತ್ತಿನಲ್ಲಿ ಅವರೂ ಮುಖ್ಯ ಶಿಕ್ಷಕರ ಪಕ್ಕ ನಿಲ್ಲಲಿ ಎಂದೇ.

ಹೈಸ್ಕೂಲಿಗೆ ಬಂದರೆ ಇದೇ ಕಥೆ ಬೇರೆ ರೂಪದಲ್ಲಿದೆ. ಅಲ್ಲಿ ಮುಖ್ಯ ಶಿಕ್ಷಕರನ್ನು ಅಳೆಯುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದಿಂದ. ಫಲಿತಾಂಶ ಕಡಿಮೆಯಾದರೆ ಜಿಲ್ಲೆಯ ಡಿಡಿಪಿಐ ಕಚೇರಿಯಿಂದ ಕಾರಣ ಕೇಳಿ ನೋಟಿಸು. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಮಿತಿಯನ್ನು ಹೆಚ್ಚಿಸಿದ ಮೇಲೆ. ಈ ಅಂಕಿಗಳು ಮಕ್ಕಳ ಬುದ್ಧಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೇಲಕ್ಕೆ ಕಳಿಸುವ ಅಂಕಿಯೊಂದೇ ಮುಖ್ಯವಾದಾಗ ಆ ಅಂಕಿಯನ್ನು ಎಲ್ಲಿ, ಹೇಗೆ ಬೆಳೆಸುತ್ತಾರೆ ಎಂಬುದರ ಬಗ್ಗೆ ಹೇಳುತ್ತವೆ. ಎಂಟನೇ ತರಗತಿಗೆ ಬಂದ ಮಗುವಿಗೆ ಕನ್ನಡ ಸರಾಗವಾಗಿ ಓದಲು ಬರುವುದಿಲ್ಲ ಎಂಬುದು ಜೂನ್ ತಿಂಗಳಲ್ಲೇ ಶಾಲೆಗೆ ಗೊತ್ತಿರುತ್ತದೆ. ತಂದೆ ತಾಯಿಗೆ ಗೊತ್ತಾಗುವುದು ಹೆಚ್ಚುಕಡಿಮೆ ಮೂರು ವರ್ಷ ಕಳೆದು, ಹತ್ತನೇ ತರಗತಿಯ ಫಲಿತಾಂಶ ಬಂದಾಗ. ಅಷ್ಟು ಹೊತ್ತಿಗೆ ಯಾರೂ ಏನೂ ಮಾಡುವಂತಿರುವುದಿಲ್ಲ.

ಹಾಗಾದರೆ ಊರಿಗೆ ಹೇಳಬೇಕಾದ ಮೊದಲನೆಯ ಲೆಕ್ಕ ಹಣದ್ದಲ್ಲ, ಕಲಿಕೆಯದು. ಇದು ನಮ್ಮ ಸಮಿತಿ ಸಭೆಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ. ಕಾಂಪೌಂಡು, ಶೌಚಾಲಯ, ಗೋಡೆಗೆ ಬಣ್ಣ, ಇವು ಕಣ್ಣಿಗೆ ಕಾಣುತ್ತವೆ, ಇವುಗಳ ಬಗ್ಗೆ ಎಲ್ಲರೂ ಮಾತಾಡಬಹುದು. ಓದು ಬರಹದ ಮಾತು ಬಂದಾಗ ಅದು ಮೇಷ್ಟ್ರಿಗೆ ಬಿಟ್ಟದ್ದು ಎಂದು ಪೋಷಕರು ಸುಮ್ಮನಾಗುತ್ತಾರೆ, ಮೇಷ್ಟ್ರಿಗೂ ಅದೇ ಅನುಕೂಲ.

ಮೈಸೂರು ಸೀಮೆಯ ಒಂದು ಶಾಲೆಯಲ್ಲಿ ತಾಯಿಯೊಬ್ಬಳು ಕೇಳಿದ ಮಾತು ನನಗೆ ಇನ್ನೂ ನೆನಪಿದೆ. ಮಗಳು ಎರಡನೇ ತರಗತಿ, ನಲಿ-ಕಲಿ. ನಿಮಗೆ ಗೊತ್ತಿರಬಹುದು, ನಲಿ-ಕಲಿ ಹುಟ್ಟಿದ್ದೇ ಆ ಕಡೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ. ಆಮೇಲೆ 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳಗಿನ ತರಗತಿಗಳಿಗೂ ಬಂತು. ಅದರಲ್ಲಿ ಮಕ್ಕಳು ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಕಲಿಕಾ ಏಣಿಯ ಮೇಲೆ ತಮ್ಮದೇ ವೇಗದಲ್ಲಿ ಹತ್ತುತ್ತಾ ಹೋಗುತ್ತವೆ. ಆ ತಾಯಿ ಕೇಳಿದ್ದು ಇಷ್ಟು: “ಸಾ, ನಮ್ ಹುಡ್ಗಿ ಆಟ ಆಡ್ಕಂಡ್ ಬತ್ತದೆ. ಏನ್ ಕಲ್ತೆ ಅಂತ ಕೇಳುದ್ರೆ ನರಿ ಕಾರ್ಡು ಮುಗೀತು ಅಂತದೆ. ನರಿ ಕಾರ್ಡು ಮುಗುದ್ರೆ ಓದಕ್ ಬತ್ತದಾ ಇಲ್ವಾ ಸಾ?”

ಎಷ್ಟು ಸರಿಯಾದ ಪ್ರಶ್ನೆ! ತರಬೇತಿಗಳಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವ ವಿಷಯವನ್ನು ಆಕೆ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಳು. ಅಲ್ಲಿನ ಮುಖ್ಯ ಶಿಕ್ಷಕರು ಪದ್ಧತಿಯ ಹೆಗ್ಗಳಿಕೆ ಹೇಳಲು ಹೋಗಲಿಲ್ಲ. “ಬಾವ್ವ ಒಳಕ್ಕೆ” ಎಂದು ತರಗತಿಗೆ ಕರೆದುಕೊಂಡು ಹೋದರು. ಗೋಡೆಯ ಮೇಲಿನ ಏಣಿ ತೋರಿಸಿದರು. ಮಗಳು ಈಗ ಇಲ್ಲಿದ್ದಾಳೆ, ಯುಗಾದಿ ಹೊತ್ತಿಗೆ ಇಲ್ಲಿಗೆ ಬರಬೇಕು, ಇಲ್ಲಿಗೆ ಬಂದಳೆಂದರೆ ಬಸ್ಸಿನ ಬೋರ್ಡು ಓದುತ್ತಾಳೆ ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: “ಯುಗಾದಿಗೆ ಓದದೇ ಇದ್ರೆ ನನ್ನನ್ನ ಕೇಳು.” ಆ ಕೊನೆಯ ಮಾತಿಗೆ ಅವರು ಯಾರ ಅಪ್ಪಣೆಯನ್ನೂ ಕಾಯಬೇಕಾಗಿರಲಿಲ್ಲ. ಅನುದಾನವೂ ಬೇಕಿರಲಿಲ್ಲ. ಓದು ಬಾರದ ತಾಯಿಯೂ ಬಸ್ಸಿನ ಬೋರ್ಡು ತೋರಿಸಿ ಮಗಳನ್ನು ಪರೀಕ್ಷೆ ಮಾಡಬಲ್ಲಳು. ಅಳತೆಗೋಲು ಆಕೆಯ ಕೈಗೆ ಬಂತು.

ನಮ್ಮ ಇಲಾಖೆ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ಮಾಡಿದ್ದು ಇದಕ್ಕೇ. ಮಕ್ಕಳ ಪ್ರಗತಿಯನ್ನು ಪೋಷಕರ ಎದುರಿಗೆ ಇಡುವುದು ಅದರ ಉದ್ದೇಶ. ಒಳ್ಳೆಯ ಕಲ್ಪನೆ. ಆದರೆ ನಡೆದ ರೀತಿಯಲ್ಲಿ ಎರಡು ತೊಡಕುಗಳನ್ನು ಕಂಡಿದ್ದೇನೆ. ಕೆಲವು ಕಡೆ ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನು ಮುಂದೆ ನಿಲ್ಲಿಸಿ ಓದಿಸಿ ಚಪ್ಪಾಳೆ ಹೊಡೆಸುತ್ತಾರೆ. ಅದು ಶಾಲಾ ವಾರ್ಷಿಕೋತ್ಸವವಾಗುತ್ತದೆ, ಲೆಕ್ಕ ಒಪ್ಪಿಸಿದಂತಾಗುವುದಿಲ್ಲ. ಇನ್ನು ಕೆಲವು ಕಡೆ ಓದಲು ಬಾರದ ಮಗುವನ್ನು ಊರವರೆಲ್ಲರ ಎದುರು ನಿಲ್ಲಿಸುತ್ತಾರೆ. ಮಗು ತಲೆ ತಗ್ಗಿಸುತ್ತದೆ, ಕೂಲಿ ಬಿಟ್ಟು ಬಂದ ಅಪ್ಪ ಇನ್ನೂ ತಗ್ಗಿಸುತ್ತಾನೆ. ಮುಂದಿನ ಸಭೆಗೆ ಆತ ಬರುವುದಿಲ್ಲ. ತಪ್ಪು ಶಾಲೆಯದಾದರೂ ಅವಮಾನ ಮನೆಗೆ ಹೋಯಿತು. ತರಗತಿಯ ಒಟ್ಟು ಲೆಕ್ಕವನ್ನು ಎಲ್ಲರ ಮುಂದೆ ಹೇಳಬೇಕು: ಮೂವತ್ತು ಮಕ್ಕಳಲ್ಲಿ ಇಷ್ಟು ಮಂದಿ ಕತೆ ಓದುತ್ತಾರೆ, ಇಷ್ಟು ಮಂದಿ ಇನ್ನೂ ಒತ್ತಕ್ಷರದ ಹತ್ತಿರ ನಿಂತಿದ್ದಾರೆ, ಮುಂದಿನ ಸಭೆಯೊಳಗೆ ಅವರಲ್ಲಿ ಇಷ್ಟು ಮಂದಿಯನ್ನು ದಾಟಿಸುತ್ತೇವೆ. ಒಂದೊಂದು ಮಗುವಿನ ವಿಷಯವನ್ನು ಆಯಾ ಮನೆಯವರ ಹತ್ತಿರ ಕೂತು ಮಾತಾಡಬೇಕು. ಇದು ಔದಾರ್ಯದ ವಿಷಯವೂ ಅಲ್ಲ. ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಇವುಗಳನ್ನು ಪೋಷಕರಿಗೆ ನಿಯಮಿತವಾಗಿ ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ.

ಸಭೆ ಎಂದರೆ ಯಾವ ಹೊತ್ತಿನ ಸಭೆ ಎಂಬುದೂ ಮುಖ್ಯ. ಬೆಳಗ್ಗೆ ಹನ್ನೊಂದು ಗಂಟೆಗೆ ಕರೆದು, ಪೋಷಕರಿಗೆ ಆಸಕ್ತಿಯೇ ಇಲ್ಲ ಎಂದು ದೂರುವವರು ಬಹಳ. ಆ ಹೊತ್ತಿಗೆ ನಾಟಿಗೋ ಕಳೆಗೋ ಹೋದ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಬರಬೇಕು, ಬಂದು ಮಾಡುವುದೇನು, ಸಹಿ ಹಾಕುವುದು. ಬಹಳಷ್ಟು ಊರುಗಳಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಗಂಡಸರು ಮನೆಯಲ್ಲಿ ಸಿಗುತ್ತಾರೆ. ಸ್ತ್ರೀಶಕ್ತಿ ಸಂಘದ ಹೆಂಗಸರು ವಾರಕ್ಕೊಮ್ಮೆ ಹೇಗೂ ಸೇರುತ್ತಾರೆ. ಅವರನ್ನು ಶಾಲೆಗೆ ಕರೆಯುವ ಬದಲು ಶಾಲೆಯೇ ಅಲ್ಲಿಗೆ ಹೋಗಿ ಅರ್ಧ ಗಂಟೆ ಕೇಳಿಕೊಳ್ಳಬಹುದು. ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿರುವವರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಕಲ್ಯಾಣ ಕರ್ನಾಟಕದ ತಾಂಡಾಗಳಲ್ಲಿ ದೀಪಾವಳಿ ಮುಗಿದರೆ ಮನೆಗಳಿಗೆ ಬೀಗ, ಜನ ಗುಳೆ ಹೋಗಿರುತ್ತಾರೆ. ಅಲ್ಲಿ ಡಿಸೆಂಬರಿನಲ್ಲಿ ಪಾಲಕರ ಸಭೆ ಕರೆಯುವುದೆಂದರೆ ಬೀಗಗಳಿಗೆ ನೋಟಿಸು ಅಂಟಿಸಿದ ಹಾಗೆ. ಗುಳೆ ಹೊರಡುವ ಮುಂಚೆಯೇ ಮಕ್ಕಳನ್ನು ಯಾರ ಬಳಿ ಬಿಡುತ್ತೀರಿ ಎಂದು ಕೇಳಬೇಕು. ಆ ಮಾತನ್ನು ಪಂಚಾಯಿತಿಯ ಪಿಡಿಒ ಮುಂದೆಯೂ ಇಡಬೇಕು. ಯಾಕೆಂದರೆ ಅಲ್ಲಿ ಮಗು ಶಾಲೆ ಬಿಡುವುದಕ್ಕೆ ಕಾರಣ ಶಾಲೆಯೊಳಗಿಲ್ಲ, ಊರಿನಲ್ಲಿ ಕೆಲಸ ಇಲ್ಲದಿರುವುದರಲ್ಲಿದೆ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ನಮ್ಮ ಹೈಕೋರ್ಟೇ ಸ್ವಯಂಪ್ರೇರಿತವಾಗಿ ಎತ್ತಿಕೊಂಡಾಗ ಒಂದಕ್ಕಿಂತ ಹೆಚ್ಚು ಇಲಾಖೆಗಳು ಉತ್ತರ ಹೇಳಬೇಕಾಗಿ ಬಂದದ್ದೂ ಅದಕ್ಕೇ.

ಈಗ ಸ್ವಲ್ಪ ಕಹಿಯಾದ ಮಾತು. ಸಮುದಾಯ, ಸಮುದಾಯ ಎನ್ನುತ್ತೇವೆ. ಯಾವ ಸಮುದಾಯ? ಊರೆಂದರೆ ಒಂದೇ ಮನೆಯಲ್ಲ. ಮೇಲಿನ ಬೀದಿ ಇದೆ, ಕೇರಿ ಇದೆ. ಇದನ್ನು ಮರೆತು ಬೇರೆ ಕಡೆಯ ಮಾದರಿ ತರುವಂತಿಲ್ಲ. ನಾಗಾಲ್ಯಾಂಡಿನವರು 2002ರಲ್ಲಿ ಒಂದು ಕಾಯ್ದೆ ಮಾಡಿ ಶಾಲೆಗಳ ಮೇಲ್ವಿಚಾರಣೆಯನ್ನು ಗ್ರಾಮ ಸಮಿತಿಗಳಿಗೆ ಒಪ್ಪಿಸಿದರು. ಶಿಕ್ಷಕರ ಸಂಬಳವೂ ಆ ಸಮಿತಿಯ ಮೂಲಕವೇ, ಕೆಲಸಕ್ಕೆ ಬಾರದಿದ್ದರೆ ಸಂಬಳವಿಲ್ಲ. ಶಿಕ್ಷಕರು ಶಾಲೆಗೆ ಬರುವುದು ಸುಧಾರಿಸಿತು, 2008ರಲ್ಲಿ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿಯೂ ಬಂತು. ನಮ್ಮಲ್ಲೂ ಹಾಗೇ ಮಾಡಬೇಕೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಹಳ್ಳಿಗಳಲ್ಲಿ ಒಂದು ಬುಡಕಟ್ಟಿನ ಜನ ತಮ್ಮ ಗ್ರಾಮ ಪರಿಷತ್ತಿನ ಮಾತಿನಂತೆ ನಡೆದುಕೊಂಡು ಬಂದಿದ್ದಾರೆ. ನಮ್ಮ ಹಳ್ಳಿಯ ರಚನೆಯೇ ಬೇರೆ. ಬಿಸಿಯೂಟದ ಅಡುಗೆಯಾಕೆ ದಲಿತಳೆಂಬ ಕಾರಣಕ್ಕೆ ಮಕ್ಕಳು ಊಟ ಬಿಟ್ಟ, ಪೋಷಕರು ಟಿಸಿ ಕೇಳಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಊರಿನಲ್ಲಿ ಸಮಿತಿ ಸರ್ವಾನುಮತದಿಂದ ಅಡುಗೆಯವರನ್ನು ಬದಲಿಸಿ ಎಂದು ಠರಾವು ಮಾಡಿದರೆ ಮುಖ್ಯ ಶಿಕ್ಷಕರು ಏನು ಮಾಡಬೇಕು? ಠರಾವನ್ನು ತಳ್ಳಿಹಾಕಬೇಕು, ಅದನ್ನು ಬರಹದಲ್ಲಿ ಮಾಡಬೇಕು, ತಾವೇ ಮಕ್ಕಳ ಜೊತೆ ಕೂತು ಆಕೆ ಬಡಿಸಿದ್ದನ್ನು ಉಣ್ಣಬೇಕು. ಊರಿಗೆ ಉತ್ತರ ಹೇಳುವುದೆಂದರೆ ಊರು ಹೇಳಿದಂತೆ ಕೇಳುವುದಲ್ಲ. ಶಾಲೆ ಮೊದಲು ಸಂವಿಧಾನಕ್ಕೆ ಉತ್ತರ ಹೇಳಬೇಕು. ಆ ವಿಷಯದಲ್ಲಿ ಹೊಣೆ ಹಂಚಿಕೆಯೆಂಬುದೇ ಇಲ್ಲ.

ಸಮಿತಿಯೊಳಗೂ ಇದೇ ಎಚ್ಚರ ಬೇಕು. ಕೇರಿಯಿಂದ ಆಯ್ಕೆಯಾದ ಸದಸ್ಯೆ ಸಭೆಗೆ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದರೆ ಆಕೆ ಸಭೆಯಲ್ಲಿ ಇದ್ದಾಳೆಂದು ಹೇಗೆ ಹೇಳುವುದು? ಕುರ್ಚಿ ಹಾಕಿಸಬೇಕಾದವರು ಮುಖ್ಯ ಶಿಕ್ಷಕರು. ಮೊದಲು ಆಕೆಯ ಅಭಿಪ್ರಾಯ ಕೇಳಬೇಕಾದವರೂ ಅವರೇ. ಆಯ್ಕೆಯ ದಿನ ತಮಗೆ ತೊಂದರೆ ಕೊಡದ, ಕರೆದಲ್ಲಿಗೆ ಬಂದು ಸಹಿ ಹಾಕುವ ಹತ್ತು ಹೆಸರುಗಳನ್ನು ಮುಂಚೆಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ ಮುಖ್ಯ ಶಿಕ್ಷಕರಿದ್ದಾರೆ. ಶಾಸಕರ ಕಡೆಯವರೇ ಅಧ್ಯಕ್ಷರಾಗಲೆಂದು ಒತ್ತಡಕ್ಕೆ ಮಣಿಯುವವರೂ ಇದ್ದಾರೆ. ಅಂಥ ಸಮಿತಿ ನೆಮ್ಮದಿ ಕೊಡುತ್ತದೆ, ಕಷ್ಟಕಾಲದಲ್ಲಿ ಜೊತೆಗೆ ಮಾತ್ರ ಬರುವುದಿಲ್ಲ.

ಹೊಣೆ ಹಂಚುವುದೆಂದರೆ ಖರ್ಚು ಹಂಚುವುದೆಂದು ತಿಳಿದುಕೊಂಡವರೂ ಉಂಟು. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ₹100 ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ದೇಣಿಗೆ ಸ್ವಇಚ್ಛೆಯದು ಎಂದು ಅದರಲ್ಲಿತ್ತು. ಟೀಕೆ ಬಂತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ವಾಪಸಾದದ್ದು ಒಳ್ಳೆಯದೇ. ನಮ್ಮ ಊರುಗಳು ಶಾಲೆಗೆ ಕೊಡದೆ ಇದ್ದವಲ್ಲ. ಎಷ್ಟೋ ಶಾಲೆಗಳು ನಿಂತಿರುವ ಜಾಗ ಯಾರೋ ಪುಣ್ಯಾತ್ಮರು ಬರೆದುಕೊಟ್ಟದ್ದು, ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರಿರುತ್ತದೆ. ಆದರೆ ಕೊಡುವವನ ಮಾತೇ ಸಭೆಯಲ್ಲಿ ನಡೆಯುವಂತಾದರೆ, ಕೊಡಲಾಗದ ತಾಯಿ ಪ್ರಶ್ನೆ ಕೇಳುವ ಹಕ್ಕನ್ನೂ ಕಳೆದುಕೊಂಡಂತೆ ಅಂಜುತ್ತಾಳೆ. ಆಕೆಗೆ ಹಕ್ಕು ಬಂದಿರುವುದು ದೇಣಿಗೆಯಿಂದಲ್ಲ, ಮಗು ಆ ಶಾಲೆಯಲ್ಲಿದೆ ಎಂಬುದರಿಂದ.

ಇಷ್ಟೆಲ್ಲ ಹೇಳಿ ಮುಖ್ಯ ಶಿಕ್ಷಕರಿಗೆ ನಾನು ಕೊಡುವ ಸಲಹೆ ಬಹಳ ದೊಡ್ಡದಲ್ಲ. ಊರಿನ ಮುಂದೆ ನಿಂತಾಗ ಯಾವುದು ಯಾರ ಹೊಣೆ ಎಂದು ಬಿಡಿಸಿ ಹೇಳಿ. ಮಗು ಮೂರನೇ ತರಗತಿಯಲ್ಲಿ ಓದಲು ಬಾರದೆ ಇದ್ದರೆ ಅದು ನಮ್ಮದು, ಮನೆಯಲ್ಲಿ ಓದಿಸುವವರಿಲ್ಲ ಎಂದು ಅದನ್ನು ತಾಯಿಯ ತಲೆಗೆ ಕಟ್ಟುವಂತಿಲ್ಲ. ಆಕೆಗೆ ಓದು ಬಾರದ್ದರಿಂದಲೇ ಮಗು ಶಾಲೆಗೆ ಬಂದಿದೆ. ಐದು ತರಗತಿಗೆ ಇಬ್ಬರೇ ಶಿಕ್ಷಕರಿದ್ದರೆ ಅದು ಸರ್ಕಾರದ್ದು. ಪ್ರಾಥಮಿಕದಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರೆಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾನೂನಿನ 27ನೇ ಸೆಕ್ಷನ್ ಹೇಳುತ್ತದೆ. ಇದನ್ನು ಮುಖ್ಯ ಶಿಕ್ಷಕರೊಬ್ಬರೇ ಹೇಳಿದರೆ ಕೆಲಸಗಳ್ಳತನವೆನಿಸುತ್ತದೆ, ಪೋಷಕರು ಹೇಳಿದರೆ ಬೇರೆ ತೂಕ. ಹೆಣ್ಣುಮಗುವನ್ನು ತಮ್ಮನನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ಉಳಿಸಿಕೊಂಡರೆ ಅದು ಮನೆಯವರದು, ಅದನ್ನೂ ಅಳುಕದೆ ಹೇಳಿ. ಎಲ್ಲವೂ ನಮ್ಮೆಲ್ಲರ ಹೊಣೆ ಎಂದುಬಿಟ್ಟರೆ ಯಾರೂ ಯಾವುದಕ್ಕೂ ಸಿಕ್ಕುವುದಿಲ್ಲ.

ಪೋಷಕರಾದ ಕೇಳುಗರಿಗೂ ಒಂದೆರಡು ಮಾತು. ನಿಮ್ಮ ಶಾಲೆಯ ಅಭಿವೃದ್ಧಿ ಯೋಜನೆಯನ್ನು ತೋರಿಸಿ ಎಂದು ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅದನ್ನು ಸಿದ್ಧಪಡಿಸಬೇಕಾದ್ದು ಸಮಿತಿಯೇ, ಸರ್ಕಾರ ಅನುದಾನ ಕೊಡಲು ಅದೇ ಆಧಾರವಾಗಬೇಕು. ಆಗುವುದೇನೆಂದರೆ ಹೋದ ವರ್ಷದ ಯೋಜನೆಗೆ ಹೊಸ ದಿನಾಂಕ ಹಾಕಿ ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ. ಮಕ್ಕಳ ಸಂಖ್ಯೆಯ ಮೇಲೆ ಶಾಲಾ ಅನುದಾನ ಬರುತ್ತದೆ, ಈ ವರ್ಷ ಎಷ್ಟು ಬಂತು, ಯಾವ ತಿಂಗಳು ಬಂತು ಎಂದು ಕೇಳಿ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಬೇಕಾಗಬಾರದು. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಇಂಥ ಮಾಹಿತಿಯನ್ನು ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ. ಮಗುವಿನ ಹಕ್ಕಿಗೆ ಧಕ್ಕೆಯಾದರೆ ಸ್ಥಳೀಯ ಪ್ರಾಧಿಕಾರಕ್ಕೆ ಬರೆದು ಕೊಡಿ, ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್‌ನಲ್ಲಿದೆ. ಆದರೆ ಮೊದಲ ಬಾರಿಗೆ ಶಾಲೆಯೊಳಗೆ ಕಾಲಿಟ್ಟದ್ದೇ ದೂರು ಹಿಡಿದುಕೊಂಡು ಎಂದಾಗಬಾರದು. ನವೆಂಬರ್ ಸುಮಾರಿಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿಗೆ ಹೋಗಿ ಕೂತು ನೋಡಿ. ಶೌಚಾಲಯಕ್ಕೆ ನೀರಿಲ್ಲ, ಶಾಲೆ ಹತ್ತಿರದ ಗೂಡಂಗಡಿಯಲ್ಲಿ ಗುಟ್ಕಾ ಮಾರುತ್ತಾರೆ ಎಂದು ಮಕ್ಕಳು ದೊಡ್ಡವರಿಗಿಂತ ನೇರವಾಗಿ ಹೇಳುತ್ತಾರೆ. ಮುಖ್ಯ ಶಿಕ್ಷಕರು ಆ ಪ್ರಶ್ನೆಗಳನ್ನು ಮೊದಲೇ ತಿದ್ದಿ ಕಳಿಸದಿದ್ದರೆ ಸಾಕು.

ಕೊನೆಯದಾಗಿ ಇಲಾಖೆಯ ಅಧಿಕಾರಿಗಳು ಯಾರಾದರೂ ಕೇಳುತ್ತಿದ್ದರೆ, ಅವರ ಮುಂದೆ ಒಂದು ಸಣ್ಣ ಬೇಡಿಕೆ. ವರ್ಗಾವಣೆಯ ಕೌನ್ಸೆಲಿಂಗ್ ಮುಗಿದು ಮುಖ್ಯ ಶಿಕ್ಷಕರು ವರ್ಗವಾಗುತ್ತಾರೆ, ಚಾರ್ಜು ವಹಿಸಿಕೊಡುತ್ತಾರೆ. ಆ ಪಟ್ಟಿಯಲ್ಲಿ ಬೆಂಚು ಎಷ್ಟು, ಗ್ಯಾಸ್ ಸಿಲಿಂಡರ್ ಎಷ್ಟು, ಅಕ್ಕಿ ಎಷ್ಟು ಕಿಲೋ, ಬ್ಯಾಂಕಿನಲ್ಲಿ ಎಷ್ಟು ಎಂಬುದೆಲ್ಲ ಇರುತ್ತದೆ. ಯಾವ ಮಗು ಎಲ್ಲಿಯವರೆಗೆ ಓದಬಲ್ಲದು, ಊರಿಗೆ ಹಿಂದಿನವರು ಏನು ಮಾತು ಕೊಟ್ಟಿದ್ದರು, ಅದರಲ್ಲಿ ಎಷ್ಟು ಉಳಿದಿದೆ ಎಂಬುದು ಇರುವುದಿಲ್ಲ. ಹೊಸದಾಗಿ ಬಂದವರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ, ಊರೂ ಸುಮ್ಮನಾಗುತ್ತದೆ. ಚಾರ್ಜು ಕೊಡುವ ಕೆಲಸವನ್ನು ಇಬ್ಬರು ಮೇಷ್ಟ್ರುಗಳ ನಡುವೆ ಬಾಗಿಲು ಹಾಕಿಕೊಂಡು ಮುಗಿಸದೆ, ಪೋಷಕರ ಸಭೆ ಕರೆದು, ಎಸ್‌ಡಿಎಂಸಿ ಅಧ್ಯಕ್ಷರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕೆಂದು ಒಂದು ಆದೇಶ ಬರಲಿ. ಹೊರಡುವವರು ಆಗಿದ್ದನ್ನೂ ಆಗದ್ದನ್ನೂ ಓದಿ ಹೇಳಲಿ, ಬಂದವರು ಅದರ ಕೆಳಗೆ ಸಹಿ ಹಾಕಲಿ. ಖರ್ಚೇನೂ ಇಲ್ಲ. ಬರುವ ವರ್ಗಾವಣೆಯ ಸುತ್ತಿನಲ್ಲೇ, ಒಂದು ತಾಲ್ಲೂಕಿನಲ್ಲಾದರೂ ಮಾಡಿ ನೋಡಬಹುದು.